ಎಂಟನೇ ಕ್ಲಾಸಿಗೆ ಬಂದ ಮೇಲೆ ಮಕ್ಕಳು ಯಾಕೆ ಸುಮ್ಮನಾಗುತ್ತಾರೆ?

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಯಾಕೆ ಕಡಲಿಗೆ ಇಳಿಯುವುದಿಲ್ಲ ಅಂತ ಕಾರವಾರದ ಬೈತಖೋಲ ಬಂದರಿನ ಹುಡುಗನನ್ನು ಕೇಳಿ. ಮೀನು ಮೊಟ್ಟೆ ಇಡುವ ಕಾಲ ಅಂತ ಥಟ್ಟನೆ ಹೇಳುತ್ತಾನೆ. ಅದೇ ಹುಡುಗ ಸಂತಾನೋತ್ಪತ್ತಿಯ ಪಾಠ ನಡೆಯುವಾಗ ಕೊನೇ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾನೆ. ಮನೆಯಲ್ಲಿ ಕೊಂಕಣಿ, ಪುಸ್ತಕದಲ್ಲಿ ಬೇರೆಯೇ ಭಾಷೆ. ತನಗೆ ಗೊತ್ತಿರುವ ಸಂಗತಿಯೇ ಇದು ಅಂತ ಅವನಿಗೆ ಹೊಳೆಯುವುದೇ ಇಲ್ಲ.

1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಆಗ ಏಳನೇ ಇಯತ್ತೆಗೆ, ಅಂದರೆ ಏಳನೇ ಕ್ಲಾಸಿಗೆ, ಮುಲ್ಕಿ ಪರೀಕ್ಷೆ. ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆಗೆ ದಾರಿ. ಶಾಲೆಯ ಮೆಟ್ಟಿಲನ್ನೇ ಹತ್ತದವರು ಆಗ ಜಾಸ್ತಿ, ಅದನ್ನು ಮರೆಯಬಾರದು. ಆದರೆ ಹತ್ತಿದವನಿಗೆ ಓದಿದರೆ ಏನಾಗುತ್ತೇನೆ ಅನ್ನುವುದು ಕಣ್ಣೆದುರೇ ಇತ್ತು. ಈಗ ಎಸ್ಸೆಸ್ಸೆಲ್ಸಿ ಮುಗಿಸಿದರೂ ಎದುರಿಗಿರುವುದು ಇನ್ನೊಂದು ಪರೀಕ್ಷೆ.

ಕೈಕೆಲಸದ ಮೂಲಕ ಕಲಿಸಿ ಅಂತ ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದ್ದರು. 1964–66ರ ಕೊಠಾರಿ ಶಿಕ್ಷಣ ಆಯೋಗವೂ ಶಾಲೆಯಲ್ಲಿ ಕೆಲಸದ ಅನುಭವ ಬೇಕು ಎಂದಿತು. ಶಿರಸಿ ಕಡೆಯ ಮಕ್ಕಳು ಅಡಿಕೆ ಸುಲಿದು, ಬೇಯಿಸಿ, ಒಣಗಿಸುವುದನ್ನು ನೋಡುತ್ತಲೇ ಬೆಳೆಯುತ್ತಾರೆ. ತೂಕ, ಲಾಭ-ನಷ್ಟ ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಅಂಕ ಇಲ್ಲದ ಕೆಲಸದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದು ರೂಢಿಯಾಯಿತು.

2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಎಂಟರವರೆಗೆ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ. ಮಕ್ಕಳು ಕೆಟ್ಟಿದ್ದು ಅದರಿಂದಲೇ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದೆ ಬಿದ್ದ ಮಗುವನ್ನು ಗುರುತಿಸಿ ಹೆಚ್ಚಿನ ಪಾಠ ಹೇಳಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಆ ಕೆಲಸ ಎಷ್ಟೋ ಕಡೆ ಆಗಲೇ ಇಲ್ಲ. ಭಾಗಾಕಾರ ಬಾರದ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿ ಬೀಜಗಣಿತದ ಎದುರು ಕೂರುತ್ತಾಳೆ. ಕೇಳಲು ನಾಚಿಕೆ. ಹದಿನಾಲ್ಕರ ವಯಸ್ಸು, ಪಕ್ಕದವಳು ನಕ್ಕುಬಿಟ್ಟರೆ ಅನ್ನುವ ಭಯ. ಮೊದಲು ಕೈ ಎತ್ತುವುದು ನಿಲ್ಲುತ್ತದೆ. ಆಮೇಲೆ ನೋಟ್ಸ್ ಬರೆಯುವುದು. ಮಳೆಗಾಲದಲ್ಲಿ ಬಸ್ ತಪ್ಪಿದರೆ ಅವಳಿಗೆ ಬೇಜಾರೂ ಆಗುವುದಿಲ್ಲ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತಿದರು. ಕಲಿಯುವ ಮನಸ್ಸಿಲ್ಲದ ಮಕ್ಕಳು ಹೀಗೆ ಮಾಡುತ್ತಾರಾ? ಆ ವರ್ಷ ಐದನೇ ಕ್ಲಾಸಿನಲ್ಲಿದ್ದವರೇ 2025–26ರಲ್ಲಿ ಎಸ್ಸೆಸ್ಸೆಲ್ಸಿಗೆ ಬಂದರು. ಭಿನ್ನರಾಶಿ ಕಲಿಯಬೇಕಿದ್ದ ವರ್ಷವನ್ನು ಅವರು ಕಳೆದದ್ದು ಮನೆಯಲ್ಲಿ.