ಟಾರ್ಗೆಟ್ ಆಡಿಯನ್ಸ್: ಈ ಕಾರ್ಟೂನ್ ಯಾರಿಗಾಗಿ?

ಮೆಲ್ಬರ್ನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಒಂದು ಸಂಜೆ ಅವಳ ನಾಲ್ಕು ವರ್ಷದ ಮಗಳ ಪಕ್ಕ ಕೂತು ‘ಬ್ಲೂಯಿ’ ಅನ್ನುವ ಕಾರ್ಟೂನ್ ನೋಡುತ್ತಿದ್ದೆ. ‘ಸ್ಲೀಪಿಟೈಮ್’ ಅನ್ನುವ ಕಂತು. ಬಿಂಗೋ ಅನ್ನುವ ಪುಟ್ಟ ನಾಯಿಮರಿಗೆ ಅವತ್ತು ರಾತ್ರಿ ದೊಡ್ಡವರ ಹಾಗೆ ತನ್ನ ಹಾಸಿಗೆಯಲ್ಲೇ ಬೆಳಗಿನವರೆಗೂ ಮಲಗುವ ಆಸೆ. ಕನಸಿನಲ್ಲಿ ಅವಳು ಗ್ರಹಗಳ ನಡುವೆ ತೇಲುತ್ತಾಳೆ. ಇತ್ತ ಮನೆಯಲ್ಲಿ ಅಪ್ಪನಿಗೆ ನೆಟ್ಟಗೆ ನಿದ್ದೆಯೇ ಇಲ್ಲ. ಮಕ್ಕಳ ಒದೆ ತಿಂದು ಹಾಸಿಗೆಯಿಂದ ಹಾಸಿಗೆಗೆ ಅಲೆಯುತ್ತಾನೆ. ಕನಸಿನ ಸೂರ್ಯ ಬೆಚ್ಚಗೆ ಬೆಳಗುತ್ತಾನೆ, ಆ ಸೂರ್ಯನ ದನಿ ಅಮ್ಮನದು. ಹಿಂದೆ ಇಂಗ್ಲಿಷ್ ಸಂಗೀತಕಾರ ಹೋಲ್ಸ್ಟ್‌ನ ‘ಜುಪಿಟರ್’ ಸಂಗೀತ. ಅಪ್ಪ ಒದ್ದಾಡಿದಾಗಲೆಲ್ಲ ಮಗು ಕಿಲಕಿಲ ನಗುತ್ತಿತ್ತು. ಸೂರ್ಯ ಮಾತಾಡಿದಾಗ ಅಕ್ಕ ಸುಮ್ಮನೆ ಕಣ್ಣು ಒರೆಸಿಕೊಂಡಳು.

“ಇದು ಮಕ್ಕಳದ್ದು ಅಲ್ವಾ ಅಕ್ಕ?” ಅಂದೆ.

“ಮಕ್ಕಳದ್ದೇ ಕಣೋ. ಆದ್ರೆ ನಮಗೆ ಅಂತಲೂ ಏನೋ ಇಟ್ಟಿದ್ದಾರೆ” ಅಂದಳು.

ಕಾರ್ಟೂನ್ ಪ್ರಿಯರು ಸೇರಿದ ಕಡೆಯೆಲ್ಲ ಈ ಮಾತು ಬಂದೇ ಬರುತ್ತದೆ. ಹೊಸ ಶೋ ಬರುತ್ತಿದೆ ಅಂತ ಗೊತ್ತಾದ ಕೂಡಲೇ ಮೊದಲ ಪ್ರಶ್ನೆ ‘ಟಾರ್ಗೆಟ್ ಆಡಿಯನ್ಸ್ ಯಾರು?’ ಅನ್ನುವುದು. ಹಳೆಯ ಶೋ ನಿಂತರೆ ‘ಟಾರ್ಗೆಟ್ ಆಡಿಯನ್ಸ್ ನೋಡಲಿಲ್ಲವಂತೆ’ ಅನ್ನುತ್ತಾರೆ. ಪದ ಎಲ್ಲರ ಬಾಯಲ್ಲೂ ಇದೆ. ಆದರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ, ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ.

ಸರಳವಾಗಿ ಹೇಳುವುದಾದರೆ, ಒಂದು ಕಾರ್ಯಕ್ರಮ ಮಾಡಲು ದುಡ್ಡು ಹಾಕುವವರು ಯಾರ ಕಣ್ಣಿಗೆ ಅದು ಬೀಳಬೇಕು ಅಂತ ಬಯಸುತ್ತಾರೋ ಅವರೇ ಟಾರ್ಗೆಟ್ ಆಡಿಯನ್ಸ್. ಯಾರಿಗೆ ಇಷ್ಟವಾಗುತ್ತದೆ ಅನ್ನುವುದು ಬೇರೆ. ಯಾರು ನೋಡಬಹುದು ಅನ್ನುವುದು ಇನ್ನೂ ಬೇರೆ. ಕನ್ನಡದಲ್ಲಿ ಇದನ್ನು ‘ಗುರಿ ಪ್ರೇಕ್ಷಕರು’ ಅಂತಲೂ ‘ಉದ್ದೇಶಿತ ಪ್ರೇಕ್ಷಕರು’ ಅಂತಲೂ ಬರೆಯುತ್ತಾರೆ. ನನಗೆ ‘ಗುರಿ’ ಹೆಚ್ಚು ಸರಿ ಅನ್ನಿಸುತ್ತದೆ. ಗುರಿ ಇಟ್ಟ ಬಾಣ ಬೇರೆ ಕಡೆ ಹೋಗಿ ಬೀಳಬಹುದು ಅನ್ನುವುದೂ ಆ ಪದದಲ್ಲೇ ಇದೆ.

ಟಿವಿಯಲ್ಲಿ ಈ ಗುರಿಯನ್ನು ವಯಸ್ಸಿನಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ ಯಾರು ಏನು ನೋಡಿದರು ಅಂತ ಅಳೆಯುವ ಕಂಪನಿ ನೀಲ್ಸನ್. ಅಲ್ಲಿ ಮಕ್ಕಳ ಚಾನೆಲ್‌ಗಳು ಹೆಚ್ಚಾಗಿ ನೋಡುವ ಲೆಕ್ಕ 2ರಿಂದ 11, 6ರಿಂದ 11, 9ರಿಂದ 14 ವರ್ಷದವರದು. ಇಂಥ ಒಂದೊಂದು ಗುಂಪಿಗೂ ‘ಡೆಮೊಗ್ರಾಫಿಕ್’ ಅನ್ನುತ್ತಾರೆ, ಅಭಿಮಾನಿಗಳ ಮಾತಿನಲ್ಲಿ ಬರೀ ‘ಡೆಮೊ’. ನಮ್ಮಲ್ಲಿ ಅಳೆಯುವುದು ಬಾರ್ಕ್, ಮಕ್ಕಳ ಚಾನೆಲ್‌ಗಳಿಗೆ ಸಾಮಾನ್ಯವಾಗಿ 2ರಿಂದ 14 ವರ್ಷದವರ ಲೆಕ್ಕ ಹಿಡಿಯುತ್ತಾರೆ. ಬಿಸ್ಕತ್ತು ಕಂಪನಿ ಜಾಹೀರಾತಿಗೆ ದುಡ್ಡು ಕೊಡುವುದು ಈ ಅಂಕಿ ನೋಡಿ. ಅದೇ ಶೋವನ್ನು 25 ವರ್ಷದವರು ಎಷ್ಟೇ ಪ್ರೀತಿಯಿಂದ ನೋಡಿದರೂ ಈ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ.

ಪ್ರಾಯೋಜಕರು ಯಾರು ಅಂತ ನೋಡಿದರೆ ಗುರಿ ಯಾರು ಅನ್ನುವುದು ಎಷ್ಟು ಚೆನ್ನಾಗಿ ತಿಳಿಯುತ್ತದೆ ಅನ್ನುವುದಕ್ಕೆ ‘ದಿ ಫ್ಲಿಂಟ್‌ಸ್ಟೋನ್ಸ್’ ನೋಡಿ. 1960ರಲ್ಲಿ ಆ ಕಾರ್ಟೂನ್ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾದದ್ದು ರಾತ್ರಿ ಹೊತ್ತು, ದೊಡ್ಡವರ ಕಾಮಿಡಿಯಾಗಿ. ಆಗ ಪ್ರಾಯೋಜಕರಲ್ಲಿ ವಿನ್‌ಸ್ಟನ್ ಸಿಗರೇಟ್ ಇತ್ತು. ಅದರ ಮುಖ್ಯ ಪಾತ್ರಗಳಾದ ಫ್ರೆಡ್ ಮತ್ತು ಬಾರ್ನಿ ಸಿಗರೇಟ್ ಸೇದುವ ಜಾಹೀರಾತೇ ಇತ್ತು! ಆಮೇಲೆ ಸಿಗರೇಟ್ ಹೋಗಿ ವೆಲ್ಚ್ಸ್ ದ್ರಾಕ್ಷಿ ಜ್ಯೂಸ್ ಬಂತು. ಪಾತ್ರಗಳು ಅವೇ, ಗುರಿ ಮಾತ್ರ ಮಕ್ಕಳ ಕಡೆ ತಿರುಗಿತ್ತು. ಕಾರ್ಟೂನ್ ಅಂದರೆ ಹುಟ್ಟಿನಿಂದಲೇ ಮಕ್ಕಳದ್ದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ 1940ರಲ್ಲಿ ಶುರುವಾದ ಟಾಮ್ ಅಂಡ್ ಜೆರ್ರಿ ಕೂಡ ಮೊದಲು ಥಿಯೇಟರ್‌ನಲ್ಲಿ, ಸಿನಿಮಾ ನೋಡಲು ಬಂದ ಎಲ್ಲ ವಯಸ್ಸಿನ ಜನರ ಮುಂದೆ ಓಡಿದ್ದು.

ಇಲ್ಲಿ ಎರಡು ವಿಷಯ ಬೆರೆಸಿಬಿಡುವವರು ಜಾಸ್ತಿ. ಒಂದು ಟಾರ್ಗೆಟ್, ಇನ್ನೊಂದು ರೇಟಿಂಗ್. ಅಮೆರಿಕದ ಟಿವಿಯಲ್ಲಿ 1997ರಿಂದ ಪರದೆಯ ಮೂಲೆಯಲ್ಲಿ ‘ಟಿವಿ-ವೈ’, ‘ಟಿವಿ-ವೈ7’, ‘ಟಿವಿ-ಪಿಜಿ’ ಅಂತೆಲ್ಲ ಗುರುತು ಹಾಕುತ್ತಾರೆ. ನಮ್ಮ ಓಟಿಟಿಗಳಲ್ಲಿ 2021ರ ನಿಯಮದಿಂದ ‘ಯು/ಎ 7+’, ‘ಯು/ಎ 13+’ ಬಂದಿವೆ. ಇವು ಅಪ್ಪ ಅಮ್ಮನಿಗೆ ಹೇಳುವ ಎಚ್ಚರಿಕೆ. ಇದಕ್ಕಿಂತ ಚಿಕ್ಕ ಮಗುವಾದರೆ ಸ್ವಲ್ಪ ನೋಡಿಕೊಳ್ಳಿ ಅನ್ನುವುದಷ್ಟೇ ಅದರ ಅರ್ಥ. ‘ವೈ7’ ಅಂದ ಮಾತ್ರಕ್ಕೆ 17 ವರ್ಷದವರಿಗೆ ಬೋರಾಗುತ್ತದೆ ಅಂತಲ್ಲ. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ 2005ರಿಂದ 2008ರವರೆಗೆ ನಿಕಲೋಡಿಯನ್‌ನಲ್ಲಿ ಬಂತು. ಗುರಿ 6ರಿಂದ 11 ವರ್ಷದ ಮಕ್ಕಳು. ಕಥೆಯಲ್ಲಿರುವುದೋ ನೂರು ವರ್ಷದ ಯುದ್ಧ, ಪೂರ್ತಿ ನಾಶವಾದ ಒಂದು ಜನಾಂಗ, ಅದರಲ್ಲಿ ಉಳಿದ ಒಬ್ಬನೇ ಹುಡುಗ ಆಂಗ್. ಮಕ್ಕಳೂ ನೋಡಿದರು, ಕಾಲೇಜಿನವರೂ ನೋಡಿದರು, ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾರೆ. ‘ಇಷ್ಟು ಗಂಭೀರವಾಗಿದೆ ಅಂದಮೇಲೆ ಇದು ಮಕ್ಕಳದ್ದಲ್ಲ’ ಅಂತ ಯಾರಾದರೂ ಹೇಳಿದಾಗ ನನಗೆ ಬೇಜಾರಾಗುತ್ತದೆ. ಅದು ಮಕ್ಕಳಿಗಾಗಿಯೇ ಮಾಡಿದ್ದು. ಮಕ್ಕಳಿಗೆ ಗಂಭೀರ ವಿಷಯ ಅರ್ಥವಾಗುತ್ತದೆ ಅಂತ ನಂಬಿ ಮಾಡಿದ್ದು.

ಆಂಗ್‌ನ ವಯಸ್ಸನ್ನೂ ಗಮನಿಸಿ. ಅವನಿಗೆ 12, ಗುರಿ 11ರವರೆಗಿನ ಮಕ್ಕಳು. ಬೆನ್ 10ನ ಹುಡುಗನಿಗೆ 10. ಮಕ್ಕಳಿಗೆ ತಮಗಿಂತ ಒಂಚೂರು ದೊಡ್ಡವರನ್ನು ನೋಡುವುದು ಇಷ್ಟ ಅನ್ನುವುದು ಈ ಕಸುಬಿನವರ ಹಳೆಯ ನಂಬಿಕೆ. ಹೊಸ ಶೋದ ಚಿತ್ರ ಬಿಡುಗಡೆಯಾದಾಗ ನಾಯಕನ ವಯಸ್ಸು ನೋಡಿ ಗುರಿಯನ್ನು ಊಹಿಸುವ ಅಭಿಮಾನಿಗಳಿದ್ದಾರೆ. ಬಹಳ ಸಲ ಸರಿಯಾಗಿಯೇ ಊಹಿಸುತ್ತಾರೆ. ನಮ್ಮ ಛೋಟಾ ಭೀಮನನ್ನೇ ತೆಗೆದುಕೊಳ್ಳಿ. 2008ರಲ್ಲಿ ಪೋಗೋದಲ್ಲಿ ಬಂದ ಭೀಮ ಓಡಾಡುವ, ಹೊಡೆದಾಡುವ ಹುಡುಗ, ಶಾಲೆಗೆ ಹೋಗುವ ಮಕ್ಕಳ ಹೀರೋ. ಅದೇ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ‘ಮೈಟಿ ಲಿಟಲ್ ಭೀಮ್’ ಮಾಡಿದಾಗ ಭೀಮ ಅಂಬೆಗಾಲಿಡುವ ಕೂಸಾದ. ಮಾತು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಗುರಿ ಇನ್ನೂ ಶಾಲೆ ಸೇರದ ಮಕ್ಕಳು. ಗುರಿ ಬದಲಾದರೆ ಪಾತ್ರದ ವಯಸ್ಸು, ಮಾತು, ಹೊಡೆದಾಟ ಎಲ್ಲವೂ ಬದಲಾಗುತ್ತವೆ.

ಗುರಿ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ಆದಾಗ ಏನಾಗುತ್ತದೆ? ಅಂಥ ನೋಡುಗರಿಗೆ ಅಭಿಮಾನಿಗಳು ಇಟ್ಟ ಹೆಸರು ‘ಪೆರಿಫೆರಿ ಡೆಮೊಗ್ರಾಫಿಕ್’. ಅಂದರೆ ಅಂಚಿನಲ್ಲಿ ನಿಂತು ನೋಡುವವರು. ಇದರ ದೊಡ್ಡ ಉದಾಹರಣೆ ‘ಮೈ ಲಿಟಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್’. 2010ರಲ್ಲಿ ಬಂತು. ಆಟಿಕೆ ಕಂಪನಿ ಹ್ಯಾಸ್‌ಬ್ರೋದ್ದು, ಗುರಿ ಪುಟ್ಟ ಹೆಣ್ಣುಮಕ್ಕಳು. ನೋಡನೋಡುತ್ತ ಅದಕ್ಕೆ ಬೆಳೆದ ಗಂಡಸರ ದೊಡ್ಡ ಅಭಿಮಾನಿ ಬಳಗ ಹುಟ್ಟಿತು. ಅವರು ತಮ್ಮನ್ನು ‘ಬ್ರೋನಿ’ ಅಂತ ಕರೆದುಕೊಂಡರು.

ಆದರೆ ಅಂಚಿನವರ ಪ್ರೀತಿ ಶೋವನ್ನು ಯಾವಾಗಲೂ ಉಳಿಸುವುದಿಲ್ಲ. ‘ಯಂಗ್ ಜಸ್ಟಿಸ್’ ಅನ್ನುವ ಸೂಪರ್‌ಹೀರೋ ಕಾರ್ಟೂನ್ 2010ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಶುರುವಾಗಿ ಎರಡು ಸೀಸನ್‌ಗೆ 2013ರಲ್ಲಿ ನಿಂತುಹೋಯಿತು. ಅದರ ನಿರ್ಮಾಪಕ ಗ್ರೆಗ್ ವೈಸ್‌ಮನ್ ಹೇಳಿದ ಕಾರಣ ಆಟಿಕೆ. ಶೋಗೆ ದುಡ್ಡು ಬರುತ್ತಿದ್ದದ್ದು ಆಟಿಕೆ ಕಂಪನಿ ಮ್ಯಾಟೆಲ್ ಮಾರುವ ಗೊಂಬೆಗಳ ನಂಟಿನಿಂದ. ಗೊಂಬೆಗಳು ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅಲ್ಲಿಗೆ ದುಡ್ಡಿನ ದಾರಿ ಮುಚ್ಚಿತು. ಅಭಿಮಾನಿಗಳು ವರ್ಷಗಟ್ಟಲೆ ಬಿಡದೆ ಕೇಳಿದರು. 2019ರಲ್ಲಿ ಅದು ಕಾಮಿಕ್ಸ್ ಕಂಪನಿ ಡಿಸಿಯ ಸ್ಟ್ರೀಮಿಂಗ್‌ನಲ್ಲಿ ಮತ್ತೆ ಬಂತು. ಅಲ್ಲಿ ಗೊಂಬೆ ಮಾರಬೇಕಿರಲಿಲ್ಲ, ಚಂದಾ ಕಟ್ಟುವವರು ಇದ್ದರೆ ಸಾಕಿತ್ತು. ಚಂದಾ ಕಟ್ಟುವವರು ದೊಡ್ಡವರು ತಾನೇ? ಕಥೆಯೂ ಆಗ ದೊಡ್ಡವರ ಕಡೆಗೆ ವಾಲಿತು. ಸ್ಟ್ರೀಮಿಂಗ್ ಬಂದಮೇಲೆ ಈ ಪದದ ಒಳಗೇ ಆದ ಬದಲಾವಣೆ ಇದು. ಮೊದಲು ಜಾಹೀರಾತಿನ ಬಿಸ್ಕತ್ತು ಬೇಕು ಅಂತ ಹಟ ಮಾಡುವ ಮಗು ಗುರಿಯಾಗಿತ್ತು. ಈಗ ತಿಂಗಳ ದುಡ್ಡು ಕಟ್ಟುವ ಅಪ್ಪ ಅಮ್ಮನೂ ಗುರಿ. ‘ಬ್ಲೂಯಿ’ಯನ್ನು 2024ರಲ್ಲಿ ಅಮೆರಿಕದವರು ಸ್ಟ್ರೀಮಿಂಗ್‌ನಲ್ಲಿ ನೋಡಿದ್ದು 5,500 ಕೋಟಿಗೂ ಹೆಚ್ಚು ನಿಮಿಷ. ಆ ವರ್ಷ ಅಲ್ಲಿ ಅದಕ್ಕಿಂತ ಹೆಚ್ಚು ನೋಡಿದ ಶೋ ಇನ್ನೊಂದಿಲ್ಲ. ಮಗುವಿನ ಜೊತೆ ದೊಡ್ಡವರೂ ಕೂತು ನೋಡುವುದಕ್ಕೆ ಈ ಕಸುಬಿನಲ್ಲಿ ‘ಕೋ-ವ್ಯೂಯಿಂಗ್’ ಅಂತ ಹೆಸರಿದೆ. ಅಕ್ಕ ಹೇಳಿದ ‘ನಮಗೆ ಅಂತಲೂ ಏನೋ’ ಅನ್ನುವುದು ಅದೇ.

ಜಪಾನಿನಲ್ಲಿ ಲೆಕ್ಕ ಬೇರೆ. ಅಲ್ಲಿ ಗುರಿ ನಿರ್ಧಾರವಾಗುವುದು ಮೂಲ ಕಾಮಿಕ್ಸ್ ಬಂದ ಪತ್ರಿಕೆಯಿಂದ. ಹುಡುಗರ ಪತ್ರಿಕೆಯಲ್ಲಿ ಬಂದರೆ ‘ಶೋನೆನ್’, ಹುಡುಗಿಯರದ್ದಾದರೆ ‘ಶೋಜೊ’, ಬೆಳೆದ ಗಂಡಸರದ್ದಾದರೆ ‘ಸೈನೆನ್’, ಹೆಂಗಸರದ್ದಾದರೆ ‘ಜೋಸೈ’. ಇವು ಕಥೆಯ ಬಗೆಗಳಲ್ಲ, ಓದುಗರ ಗುಂಪುಗಳು. ಬಹಳ ಜನ ಇದನ್ನು ತಪ್ಪು ತಿಳಿಯುತ್ತಾರೆ.

ಶಿನ್-ಚಾನ್ ಕಥೆ ಗೊತ್ತಾ? ಯೋಶಿತೋ ಉಸುಯಿ 1990ರಲ್ಲಿ ಆ ಕಾಮಿಕ್ಸ್ ಶುರು ಮಾಡಿದ್ದು ದೊಡ್ಡ ಗಂಡಸರು ಓದುವ ಒಂದು ವಾರಪತ್ರಿಕೆಯಲ್ಲಿ. ಐದು ವರ್ಷದ ಹುಡುಗನ ಕಣ್ಣಿನಿಂದ ದೊಡ್ಡವರ ಸಂಸಾರ ನೋಡಿ ನಗುವ ಕಥೆ ಅದು. 1992ರಲ್ಲಿ ಜಪಾನಿನ ಟಿವಿಗೆ ಬಂದು ಇಡೀ ಮನೆಯವರ ಶೋ ಆಯಿತು. ನಮ್ಮ ದೇಶಕ್ಕೆ 2006ರಲ್ಲಿ ಹಂಗಾಮಾ ಟಿವಿಯ ಮೂಲಕ ಬಂದಾಗ ಗುರಿ ಪೂರ್ತಿ ಮಕ್ಕಳೇ. ಹುಡುಗರು ಶಿನ್-ಚಾನ್ ಹಾಗೆ ಎದುರು ಮಾತಾಡತೊಡಗಿದರು, ಅಪ್ಪ ಅಮ್ಮಂದಿರು ಕಂಗಾಲಾದರು. 2008ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆಮೇಲೆ ಕತ್ತರಿ ಹಾಕಿಸಿಕೊಂಡು ವಾಪಸ್ ಬಂತು. ಆಗ ಎಲ್ಲರೂ ಆ ಹುಡುಗನನ್ನೇ ಬೈದರು. ನನ್ನ ಪ್ರಕಾರ ತಪ್ಪು ಹುಡುಗನದ್ದಲ್ಲ. ಒಂದು ಗುಂಪಿಗೆ ಬರೆದದ್ದನ್ನು ತಂದು ಇನ್ನೊಂದು ಗುಂಪಿನ ಮುಂದೆ ಇಟ್ಟಾಗ ಆಗುವ ತಿಕ್ಕಾಟ ಅದು.

ಹೀಗಾಗಿ ಹೊಸ ಶೋ ಸುದ್ದಿ ಬಂದಾಗ ನಾನು ಮೊದಲು ನೋಡುವುದು ಅದು ಯಾವ ಚಾನೆಲ್‌ನಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನು. ಕಾರ್ಟೂನ್ ನೆಟ್‌ವರ್ಕ್‌ನ ಜಾಗದಲ್ಲೇ ರಾತ್ರಿ ದೊಡ್ಡವರ ಕಾರ್ಟೂನ್‌ಗಳ ‘ಅಡಲ್ಟ್ ಸ್ವಿಮ್’ ಅಮೆರಿಕದಲ್ಲಿ 2001ರಿಂದ ನಡೆಯುತ್ತಿದೆ. ಚಾನೆಲ್ ನಂಬರ್ ಒಂದೇ ಆದರೂ ನೀಲ್ಸನ್ ಅವೆರಡನ್ನೂ ಬೇರೆಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಕಂತಿನ ಉದ್ದವೂ ಸುಳಿವು ಕೊಡುತ್ತದೆ. ಏಳು ನಿಮಿಷ ಅಂದರೆ ಹೆಚ್ಚಾಗಿ ಪುಟಾಣಿಗಳಿಗೆ. ಆಮೇಲೆ ದುಡ್ಡು ಯಾರದು ಅನ್ನುವುದು. ಇಷ್ಟು ತಿಳಿದರೆ ‘ಇದು ಮಕ್ಕಳದ್ದಾ ದೊಡ್ಡವರದ್ದಾ’ ಅಂತ ಜಗಳ ಆಡುವ ಅಗತ್ಯ ಬರುವುದಿಲ್ಲ.

ಒಂದು ವಿಷಯ ಮಾತ್ರ ಈ ಚರ್ಚೆಗಳಲ್ಲಿ ಹೆಚ್ಚು ಬರುವುದಿಲ್ಲ, ಭಾಷೆ. ಗುರಿ ಅಂದರೆ ಬರೀ ವಯಸ್ಸಲ್ಲ. ನಮ್ಮೂರಿನ ಎಷ್ಟೋ ಮಕ್ಕಳು ಭೀಮನನ್ನೂ ಶಿನ್-ಚಾನ್‌ನನ್ನೂ ನೋಡಿದ್ದು ಹಿಂದಿಯಲ್ಲಿ. ವಯಸ್ಸಿನಲ್ಲಿ ಗುರಿಯ ಒಳಗೆ, ಭಾಷೆಯಲ್ಲಿ ಹೊರಗೆ. ನನ್ನ ಚಿಕ್ಕಪ್ಪನ ಮಗ ಹಾಗೇ ಬೆಳೆದವನು. ಅಡುಗೆಮನೆಗೆ ಓಡಿಹೋಗಿ ಅಜ್ಜಿಗೆ ಕಥೆಯನ್ನು ಕನ್ನಡದಲ್ಲಿ ಹೇಳಿ ಮತ್ತೆ ಟಿವಿ ಮುಂದೆ ಓಡುತ್ತಿದ್ದ. ಚಿಂಟು ಟಿವಿ ಬಂದಮೇಲೆ ಒಂದು ದಿನ ಅವನು ಹೇಳಲು ಬರಲೇ ಇಲ್ಲ. ಏನಾಯ್ತು ಅಂತ ಅಜ್ಜಿ ಹೊರಗೆ ಬಂದು ನೋಡಿದರು. ಟಿವಿಯೊಳಗಿನ ಕರಡಿ ಕನ್ನಡ ಮಾತಾಡುತ್ತಿತ್ತು. ಕೈಯಲ್ಲಿದ್ದ ಸೊಪ್ಪಿನ ಮೊರ ಹಿಡಿದುಕೊಂಡೇ ಅಜ್ಜಿ ಅವನ ಪಕ್ಕ ಕೂತರು. ಸೊಪ್ಪು ಬಿಡಿಸುತ್ತಾ ಪೂರ್ತಿ ನೋಡಿದರು. ಎದ್ದು ಹೋಗುವಾಗ “ನಾಳೆ ಎಷ್ಟೊತ್ತಿಗೋ ಇದು?” ಅಂತ ಕೇಳಿದರು.