ಬಳಪದ ಕಲ್ಲಿನ ಮೇಲೆ ಕಳೆದುಹೋಗುವ ಹ್ಯಾಂಡಲ್

ಹಳೇಬೀಡಿನ ಬಳಪದ ಕಲ್ಲಿನ ಹೊಯ್ಸಳೇಶ್ವರ ಗುಡಿಯ ತಳಭಾಗದಲ್ಲಿ ಆನೆ, ಸಿಂಹ, ಕುದುರೆ ಸವಾರರ ಸಾಲುಗಳ ಜೊತೆಗೆ ಸುರುಳಿ ಬಳ್ಳಿಯ ಪಟ್ಟಿಕೆಯೂ ಓಡುತ್ತದೆ. ಮದುವೆ ಕರೆಯೋಲೆಗೋ ಕಾಫಿಪುಡಿ ಪೊಟ್ಟಣಕ್ಕೋ ಅಂಥ ಬಳ್ಳಿ ಬೇಕೆಂದರೆ, ಹಾಸನದ ಡಿಟಿಪಿ ಅಂಗಡಿಯಲ್ಲಿ ಫೋಟೊ ಕೆಳಗಿಟ್ಟು ಮೇಲೆ ಗೆರೆ ಎಳೆಯುತ್ತಾರೆ. ನಾಲ್ಕು ಸುರುಳಿ ಮುಗಿಯುವಷ್ಟರಲ್ಲಿ ಪರದೆಯ ತುಂಬ ಚುಕ್ಕಿಗಳು. ಯಾವುದು ನೋಡ್ (ಗೆರೆ ಹಾಯುವ ಬಿಂದು), ಯಾವುದು ಹ್ಯಾಂಡಲ್ (ಗೆರೆಯನ್ನು ಬಾಗಿಸುವ ಹಿಡಿ), ಈ ಹ್ಯಾಂಡಲ್ ಯಾವ ನೋಡ್‌ನದು ಎಂಬುದೇ ತಿಳಿಯದು.

ಹೀಗೆ ಎಳೆದ ಗೆರೆಗಳು ಬೆಝಿಯೆ ಕರ್ವ್‌ಗಳು, ಅಂದರೆ ಕೆಲವೇ ಬಿಂದುಗಳಿಂದ ಆಕಾರ ಪಡೆಯುವ ಬಾಗುಗೆರೆಗಳು. ಸಿಟ್ರೊಯೆನ್ ಕಾರು ಕಂಪನಿಯ ಪಾಲ್ ದ ಕಾಸ್ತೆಲ್ಜೋ 1959ರಲ್ಲೇ ಇವುಗಳ ಲೆಕ್ಕ ಕಟ್ಟಿದ್ದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು, ರೆನೋದ ಪಿಯೇರ್ ಬೆಝಿಯೆ 1960ರ ದಶಕದಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು, ಹೆಸರು ಅವರದಾಯಿತು. ಒಂದು ತುಂಡಿಗೆ ನಾಲ್ಕು ಬಿಂದು. ಎರಡು ತುದಿಯ ನೋಡ್‌ಗಳನ್ನು ಗೆರೆ ಮುಟ್ಟುತ್ತದೆ. ನಡುವಿನ ಎರಡು ಹ್ಯಾಂಡಲ್‌ಗಳು ಅದನ್ನು ತಮ್ಮತ್ತ ಜಗ್ಗುತ್ತವೆ, ಅಷ್ಟೆ: ಒಂದು ಹ್ಯಾಂಡಲನ್ನು 8 ಮಿ.ಮೀ. ಸರಿಸಿದರೆ ತುಂಡಿನ ನಡುಬಿಂದು 3 ಮಿ.ಮೀ. ಸರಿಯುತ್ತದೆ. ನೋಡ್ ಸರಿಸಿದರೆ ಅದರ ಎರಡೂ ಹ್ಯಾಂಡಲ್‌ಗಳು ಜೊತೆಗೇ ಹೊರಡುತ್ತವೆ, ಎರಡೂ ಪಕ್ಕದ ತುಂಡುಗಳು ಕೆಡುತ್ತವೆ. ಹೀಗಾಗಿ ಒಂದನ್ನು ಇನ್ನೊಂದೆಂದು ಹಿಡಿದರೆ ದಂಡ ದೊಡ್ಡದು.

ತಂತ್ರಾಂಶ ಬರೆಯುವವರಿಗೆ ಮೊದಲು ಹೊಳೆಯುವ ಉಪಾಯ ಬಣ್ಣ: ಹ್ಯಾಂಡಲ್‌ಗೆ ಕೆಂಪು ಬಳಿದರಾಯಿತು. ಲೆಕ್ಕ ಹಾಕಿ ನೋಡಿ. ಅಚ್ಚ ಕೆಂಪಿಗೂ (ಕೆಂಪು, ಹಸಿರು, ನೀಲಿಯ ಪ್ರಮಾಣ 255, 0, 0) ಬಳಪದ ಕಲ್ಲಿನ ಫೋಟೊದಲ್ಲಿ ಧಾರಾಳವಾಗಿ ಸಿಗುವ ನಡುಬೂದಿಗೂ (128, 128, 128) ಹೊಳಪಿನ ಅನುಪಾತ 1.01:1. ಅಂದರೆ ಹೊಳಪಿನಲ್ಲಿ ವ್ಯತ್ಯಾಸವೇ ಇಲ್ಲ. ಕೆಂಪು-ಹಸಿರು ಭೇದ ಮಂಕಾಗಿರುವ ಕಣ್ಣಿಗೆ ಹಿಡಿಯಲು ಹೆಚ್ಚೇನೂ ಉಳಿಯದು. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಈ ತೊಂದರೆ ಗಂಡಸರಲ್ಲೇ ಹೆಚ್ಚು. ವೆಬ್ ಪುಟಗಳಿಗಾಗಿರುವ ಡಬ್ಲ್ಯುಸಿಎಜಿ ನಿಯಮ 2018ರಿಂದ ಇಂಥ ಗುರುತುಗಳಿಗೆ ಕನಿಷ್ಠ 3:1 ಕೇಳುತ್ತದೆ. ಬಿಳಿ ಚುಕ್ಕಿಗೆ ಕಪ್ಪು ಅಂಚು ಕಟ್ಟಿದರೆ ಈ ತಲೆನೋವೇ ಇಲ್ಲ: ಹಿಂದೆ ಯಾವ ಬಣ್ಣವೇ ಇರಲಿ, ಎರಡರಲ್ಲಿ ಒಂದರ ಅನುಪಾತ 4.5ಕ್ಕಿಂತ ಕೆಳಗಿಳಿಯದು.

ಗುರುತು ಹೇಳುವ ಕೆಲಸ ಆಕಾರದ್ದು. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆಯ ತಂತ್ರಾಂಶದಲ್ಲಿ ಮೂಲೆಯ ನೋಡ್ ವಜ್ರಾಕೃತಿ, ನಯವಾದದ್ದು ಚೌಕ, ತಾನೇ ಹೊಂದಿಕೊಳ್ಳುವ ಆಟೋ ನೋಡ್ ವೃತ್ತ. ಒಳ್ಳೆಯದೇ. ಆದರೆ ಎರಡು ಕಡೆಯ ಹ್ಯಾಂಡಲ್ ಸಮ ಉದ್ದವಿರುವ ಸಿಮೆಟ್ರಿಕ್ ನೋಡ್‌ಗೂ ಚೌಕವನ್ನೇ ಕೊಟ್ಟಿದ್ದಾರೆ. ಒಂದನ್ನು ಎಳೆದು ಇನ್ನೊಂದು ಉದ್ದವಾಯಿತೇ ಎಂದು ನೋಡದ ಹೊರತು ಗೊತ್ತಾಗದು. ಹ್ಯಾಂಡಲ್ ತುದಿಯೂ ವೃತ್ತ, ಆಟೋ ನೋಡೂ ವೃತ್ತ. ಗೆರೆ ಬರುವ ಕಡೆಯ ಹ್ಯಾಂಡಲ್ ಟೊಳ್ಳು, ಹೋಗುವ ಕಡೆಯದು ತುಂಬಿದ್ದು ಎಂದು ಮಾಡಿದ್ದರೆ ಸುರುಳಿಯ ಒಳಗೆ ಅಡ್ಡಾದಿಡ್ಡಿ ಹಾಯುವ ಹ್ಯಾಂಡಲ್‌ಗಳಲ್ಲೂ ದಿಕ್ಕು ತಪ್ಪುತ್ತಿರಲಿಲ್ಲ.

ಅಲ್ಲಿಯವರೆಗೆ ಬಳಸುವವರ ಕೈಯಲ್ಲಿರುವುದು ಇಷ್ಟು. ಫೋಟೊದ ಪದರವನ್ನು ಲಾಕ್ ಮಾಡಿ, ಅಪಾರದರ್ಶಕತೆ 40 ಪ್ರತಿಶತಕ್ಕೆ ಇಳಿಸಿ. ಪ್ರಿಫರೆನ್ಸಸ್‌ನ ಇಂಟರ್‌ಫೇಸ್ ಪುಟದಲ್ಲಿ ಹ್ಯಾಂಡಲ್ ಗಾತ್ರ ಹೆಚ್ಚಿಸಿ. ಒತ್ತೊತ್ತಾಗಿದ್ದರೆ ಝೂಮ್ ಮಾಡಿ. ಚುಕ್ಕಿಯ ಗಾತ್ರ ಪರದೆಯ ಪಿಕ್ಸೆಲ್‌ನಲ್ಲಿ ಸ್ಥಿರ, ಅಂತರ ಮಾತ್ರ ಹಿಗ್ಗುತ್ತದೆ. 96 ಡಿಪಿಐ (ಇಂಚಿಗೆ 96 ಪಿಕ್ಸೆಲ್) ಲೆಕ್ಕದಲ್ಲಿ 1 ಮಿ.ಮೀ. ಹ್ಯಾಂಡಲ್ 100 ಪ್ರತಿಶತದಲ್ಲಿ ನಾಲ್ಕು ಪಿಕ್ಸೆಲ್ ಕೂಡ ಇಲ್ಲ, 800ರಲ್ಲಿ 30. ನೋಡ್‌ಗಳನ್ನು ಸುರುಳಿಯ ಮೇಲ್ತುದಿ, ಕೆಳತುದಿ, ಎಡ, ಬಲ ಅಂಚುಗಳಲ್ಲೇ ಇಟ್ಟರೆ ಹ್ಯಾಂಡಲ್‌ಗಳು ನೇರ ಅಡ್ಡ ಅಥವಾ ನೇರ ಉದ್ದ ನಿಲ್ಲುತ್ತವೆ, ಸಿಕ್ಕಾಗುವುದು ಕಡಿಮೆ. ಕಾಲು ವೃತ್ತಕ್ಕೆ ಹ್ಯಾಂಡಲ್ ಉದ್ದ ತ್ರಿಜ್ಯದ 0.5523 ಪಾಲು.

ಹ್ಯಾಂಡಲ್ ಕಾಣಿಸುವುದೇ ಇಲ್ಲವೆಂದರೆ ಅದರ ಉದ್ದ ಸೊನ್ನೆಯಾಗಿ ನೋಡ್‌ನ ಅಡಿಯಲ್ಲಿ ಕೂತಿರುತ್ತದೆ. ಶಿಫ್ಟ್ ಒತ್ತಿ ಹಿಡಿದು ನೋಡ್‌ನಿಂದ ಹೊರಕ್ಕೆ ಎಳೆದರೆ ಬರುತ್ತದೆ.