ಉಭಯವಾಸಿ: ಯಾವ ‘ಉಭಯ’?

ಕಡಲಿನಿಂದ ನದಿಗೇರುವ ಬುಲ್ ಶಾರ್ಕನ್ನು ‘ಉಭಯವಾಸಿ’ ಎಂದು ಕರೆಯುವ ಬರಹಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವುದರಿಂದ ಈ ಟಿಪ್ಪಣಿಯನ್ನು ಬರೆಯಬೇಕಾಯಿತು. ಉಪ್ಪುನೀರು, ಸಿಹಿನೀರುಗಳೆರಡನ್ನೂ ತಾಳಿಕೊಳ್ಳುವುದಕ್ಕೂ ಕಪ್ಪೆಯಂಥ ಪ್ರಾಣಿಗಳ ಗುಂಪಿಗೆ (ಇಂಗ್ಲಿಷಿನ ‘ಆಂಫಿಬಿಯನ್’) ಸಲ್ಲುವ ಈ ಪದಕ್ಕೂ ಸಂಬಂಧವಿಲ್ಲ.

ತೊಡಕು ಇರುವುದು ಪದದ ಉತ್ತರಾರ್ಧದಲ್ಲಿ. ‘ಆಂಫಿಬಿಯನ್’ ಪದದ ಗ್ರೀಕ್ ಮೂಲದಲ್ಲಿ ‘ಆಂಫಿ’ ಎಂದರೆ ಎರಡೂ ಬಗೆಯ, ‘ಬಿಯೋಸ್’ ಎಂದರೆ ಬಾಳು: ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆಯಾಗಿ ನೀರಿನಲ್ಲಿ ಒಂದು ಬಾಳು, ಕಾಲು ಮೂಡಿ ಬಾಲ ಕರಗಿದ ಮೇಲೆ ನೆಲದಲ್ಲಿ ಇನ್ನೊಂದು. (ಪಶ್ಚಿಮ ಘಟ್ಟದ ಕೆಲವು ಪೊದೆಗಪ್ಪೆಗಳು ಮೊದಲನೆಯ ಬಾಳನ್ನು ಮೊಟ್ಟೆಯೊಳಗೇ ಮುಗಿಸುತ್ತವೆ.) ಕನ್ನಡದಲ್ಲಿ ‘ಬಾಳು’ ಇರಬೇಕಾದಲ್ಲಿ ‘ವಾಸ’ ಬಂದು ಕುಳಿತಿತು, ಇದೇ ಗುಂಪಿನ ಇನ್ನೊಂದು ಹೆಸರಾದ ‘ಉಭಯಚರ’ದಲ್ಲಿ ಅದು ಸಂಚಾರವಾಯಿತು. ವಾಸವೇ ಅಳತೆಗೋಲಾದರೆ ಮೊಸಳೆ, ಆಮೆ, ಏಡಿಗಳನ್ನೂ ಈ ಗುಂಪಿಗೆ ಸೇರಿಸಬೇಕಾಗುತ್ತದೆ. ಮಕ್ಕಳು ಉತ್ತರಪತ್ರಿಕೆಯಲ್ಲಿ ಸೇರಿಸಿದರೆ ತಪ್ಪು ಅವರದೆನ್ನಲಾಗದು. ‘ಉಭಯಜೀವಿ’ ಎಂಬ ರೂಪ ಮೂಲಕ್ಕೆ ಹೆಚ್ಚು ಹತ್ತಿರವಾಗಿದ್ದು, ಅದೇ ಬಳಕೆಗೆ ಬರಬೇಕೆಂಬುದು ನನ್ನ ಅಭಿಪ್ರಾಯ.

ಶಾರ್ಕನ್ನೂ ಕಪ್ಪೆಯನ್ನೂ ಒಂದೇ ವರ್ಗದಲ್ಲಿ ಇಟ್ಟವರು ಇಲ್ಲದಿಲ್ಲ. 1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ತನ್ನ ‘ಆಂಫಿಬಿಯಾ’ ವರ್ಗದಲ್ಲಿ ಕಪ್ಪೆ, ಹಾವುಗಳ ಜೊತೆಗೆ ಶಾರ್ಕುಗಳನ್ನೂ ಸೇರಿಸಿದ್ದನು. ಆ ವಿಂಗಡಣೆ ಬಿದ್ದುಹೋಗಿ ಬಹಳ ಕಾಲವಾಗಿದೆ.

ಬುಲ್ ಶಾರ್ಕಿಗೆ ಹೋಲಿಕೆ ಬೇಕೆಂದಾದರೆ ಆಗ್ನೇಯ ಏಷ್ಯಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿರುವ ಏಡಿ ತಿನ್ನುವ ಕಪ್ಪೆಯನ್ನು ನೋಡಬೇಕು. ಉಪ್ಪುನೀರನ್ನು ಸಹಿಸಬಲ್ಲ ಕಪ್ಪೆಗಳು ತೀರ ವಿರಳ. ಇದಾದರೋ ಲೀಟರಿಗೆ 28 ಗ್ರಾಂ ಉಪ್ಪಿರುವ ನೀರಿನಲ್ಲಿಯೂ ಬದುಕಬಲ್ಲದು. ಅದರ ಉಪಾಯ ಶಾರ್ಕಿನದೇ: ಮೂತ್ರದಲ್ಲಿ ಹೊರಹೋಗುವ ಯೂರಿಯಾವನ್ನು ರಕ್ತದಲ್ಲಿಯೇ ಉಳಿಸಿಕೊಂಡು, ಮೈಯ ನೀರು ಹೊರಗಿನ ಉಪ್ಪಿನ ಸೆಳೆತಕ್ಕೆ ಸಿಕ್ಕಿ ಹೋಗದಂತೆ ತಡೆಯುವುದು. 1937ರಲ್ಲಿ ಮಿಸಿಸಿಪಿ ನದಿಯಲ್ಲಿ ಇಲಿನಾಯ್‌ನ ಆಲ್ಟನ್‌ವರೆಗೂ ಏರಿ ಬಂದು ಸಿಕ್ಕಿಬಿದ್ದಂಥ ಬುಲ್ ಶಾರ್ಕುಗಳು ಸಿಹಿನೀರಿಗೆ ಬಂದಾಗ ಯೂರಿಯಾವನ್ನು ತಗ್ಗಿಸಿಕೊಂಡು, ಒಳನುಗ್ಗುವ ನೀರನ್ನು ಹೇರಳವಾದ ತೆಳು ಮೂತ್ರವಾಗಿ ಹೊರಹಾಕುತ್ತವೆ.

ಇಷ್ಟೆಲ್ಲ ಹೋಲಿಕೆಯಿದ್ದರೂ ಪದ ಸಲ್ಲುವುದು ಕಪ್ಪೆಯೊಂದಕ್ಕೇ. ಬುಲ್ ಶಾರ್ಕಿನ ಮರಿ ಹುಟ್ಟುವಾಗಲೇ ಪುಟ್ಟ ಶಾರ್ಕಾಗಿರುತ್ತದೆ, ಸಾಯುವವರೆಗೂ ಕಿವಿರಿನಿಂದಲೇ ಉಸಿರಾಡುತ್ತದೆ. ಏಡಿ ತಿನ್ನುವ ಕಪ್ಪೆಯ ಗೊದಮೊಟ್ಟೆಗೆ ಯೂರಿಯಾದ ಉಪಾಯವಿಲ್ಲ. ಅದು ಮೂಳೆಮೀನಿನಂತೆ ಕಿವಿರಿನ ಮೂಲಕ ಉಪ್ಪನ್ನು ಹೊರದಬ್ಬುತ್ತದೆ, ಕಪ್ಪೆಯಾದ ಮೇಲಷ್ಟೇ ಯೂರಿಯಾಕ್ಕೆ ಮೊರೆಹೋಗುತ್ತದೆ.